ಅರ್ಕಾವತ್ತಿನ ಸರದಿ

ರಾತ್ರಿ ಎಂಟೂವರೆ. ಒಂದು ಕಿವಿಯಲ್ಲಿ ಆಫೀಸಿನ ಕಾಲ್, ಇನ್ನೊಂದರಲ್ಲಿ ಕುಕ್ಕರಿನ ಸೀಟಿ. ಎದುರಿಗೆ ಎರಡನೇ ಕ್ಲಾಸಿನ ಮಗಳು ಕಾಪಿ ಪುಸ್ತಕ ಹರಡಿಕೊಂಡು ‘ಸೂರ್ಯ’ನನ್ನು ಹತ್ತು ಸಲ ಹುಟ್ಟಿಸುತ್ತಿದ್ದಳು. ನಾಲ್ಕನೆಯ ಸೂರ್ಯೋದಯದ ಹೊತ್ತಿಗೆ ಪೆನ್ಸಿಲ್ ನಿಂತಿತು.

“ಅಪ್ಪಾ, ಸೂ ಆದ್ಮೇಲೆ ರ್ ಅಂತೀವಿ, ಆಮೇಲೆ ಯ ಅಂತೀವಿ. ಬರೆಯೋವಾಗ ಮಾತ್ರ ಯ ಮೊದಲು, ರ್ ಆಮೇಲೆ. ಯಾಕೆ?”

ಮ್ಯೂಟ್ ಒತ್ತಿ, “ಅದು ಅರ್ಕಾವತ್ತು ಪುಟ್ಟಾ, ಹಾಗೇ ಬರೆಯೋದು” ಅಂದೆ. ನನ್ನ ಅಪ್ಪ ನನಗೆ ಹೇಳಿದ್ದೂ ಇಷ್ಟೇ.

“ಅರ್ಕಾವತಿ ನದಿ ಅಲ್ವಾ?”

ನದಿಯೇ. ನಂದಿಬೆಟ್ಟದಲ್ಲಿ ಹುಟ್ಟಿ, ಕನಕಪುರದಾಚೆ ಸಂಗಮದಲ್ಲಿ ಕಾವೇರಿಗೆ ಸೇರುವ ನದಿ. ಕಾವೇರಿ ನೀರು ಬೆಂಗಳೂರಿಗೆ ಬರುವುದಕ್ಕೆ ಎಷ್ಟೋ ವರ್ಷ ಮುಂಚೆ, ಹೆಸರಘಟ್ಟದಿಂದ, ಆಮೇಲೆ 1933ರಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯದಿಂದ ನಮ್ಮೂರ ನಲ್ಲಿಗಳಿಗೆ ಇಳಿದದ್ದು ಅದೇ ಅರ್ಕಾವತಿ. ಈಗ ನಲ್ಲಿ ತಿರುಗಿಸಿದರೆ ಯಾರಿಗೂ ಅದರ ಹೆಸರು ನೆನಪಾಗುವುದಿಲ್ಲ. ಆದರೆ ಇದನ್ನೆಲ್ಲ ಹೇಳುವಷ್ಟರಲ್ಲಿ ಕಾಲ್‌ನಲ್ಲಿ ಯಾರೋ ನನ್ನ ಹೆಸರು ಕೂಗಿದರು.

ಮಗಳಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಮೂರು ವಾರದಿಂದ ಆಫೀಸಿನಲ್ಲಿ ನಾನು ಗುದ್ದಾಡುತ್ತಿದ್ದದ್ದೂ ಇದೇ ಅಕ್ಷರದ ಜೊತೆಗೆ. ಹಳೆಯ ಮಾಸಪತ್ರಿಕೆಯೊಂದರ ಇಪ್ಪತ್ತು ವರ್ಷದ ಕಡತಗಳು ಬಂದಿದ್ದವು. ಹೆಚ್ಚಿನವು ‘ನುಡಿ’ ತಂತ್ರಾಂಶದ ಕಾಲದವು. ಅವನ್ನು ಯೂನಿಕೋಡಿಗೆ ಬದಲಾಯಿಸುವ ಪ್ರೋಗ್ರಾಮ್ ಬರೆಯಬೇಕು. ಅದರ ಫಾಂಟ್ ಇಲ್ಲದೆ ಕಡತ ತೆರೆದರೆ ಕಾಣುವುದು ಕೊಂಬು, ಬಾಲ, ಚುಕ್ಕಿ ಹಚ್ಚಿಕೊಂಡ ಯೂರೋಪಿನ ಅಕ್ಷರಗಳ ಸಂತೆ. ಅದರ ನಡುವೆ ನಮ್ಮ ಅರ್ಕಾವತ್ತು ಎಲ್ಲಿ ಅಡಗಿದೆ ಅಂತ ಹುಡುಕಿದೆ. ಐಸ್‌ಲ್ಯಾಂಡಿನವರು ‘ಎಥ್’ ಅನ್ನುವ, ತಲೆಯ ಮೇಲೆ ಅಡ್ಡಗೀಟು ಇರುವ ಅಕ್ಷರದ ವೇಷದಲ್ಲಿ ಕೂತಿತ್ತು! ‘ಕರ್ನಾಟಕ’ ಎಂದು ಬರೆದಲ್ಲೆಲ್ಲ, ‘ನಾ’ ಕಳೆದ ಮೇಲೆ, ಒಂದು ಐಸ್‌ಲ್ಯಾಂಡು.

ಆ ಕಡತಗಳಿಗೆ ಕಿವಿಯಿಲ್ಲ, ಕಣ್ಣು ಮಾತ್ರ. ಕಾಣುವ ಕ್ರಮದಲ್ಲೇ ತುಂಡುಗಳನ್ನು ಜೋಡಿಸಿಟ್ಟುಕೊಳ್ಳುತ್ತವೆ. ಯೂನಿಕೋಡಿನದು ಕಿವಿಯ ಲೆಕ್ಕ. ಅಲ್ಲಿ ಸೂರ್ಯ ಎಂದರೆ ಸ, ಊಕಾರದ ಕೊಂಬು, ರ, ಅದರ ಸ್ವರ ಕಿತ್ತುಹಾಕುವ ವಿರಾಮ, ಯ. ಹೀಗೆ ಐದು. ‘ರ’ಕಾರ ಹೇಳಿದ ಜಾಗದಲ್ಲೇ ಇರುತ್ತದೆ, ತೆರೆಯ ಮೇಲೆ ಬರುವಾಗ ಫಾಂಟು ಅದನ್ನು ಎತ್ತಿ ಬಲಕ್ಕೆ ಒಯ್ದು ಕೂರಿಸುತ್ತದೆ. ಮಗಳನ್ನು ಕೇಳಿದರೆ ಸೂರ್ಯನಿಗೆ ಎರಡೇ ಅಕ್ಷರ, ಕಂಪ್ಯೂಟರನ್ನು ಕೇಳಿದರೆ ಐದು. ಸ್ವಾತಂತ್ರ್ಯಕ್ಕೆ ಅವಳದು ಮೂರು, ಅದರದು ಹನ್ನೊಂದು. ಹನ್ನೊಂದು ಅಕ್ಷರ ಅಂತ ಎಣಿಸಿ ತೋರಿಸಿದಾಗ ಅವಳು ನನ್ನನ್ನು ನೋಡಿದ ನೋಟದಲ್ಲಿ ನನ್ನ ಇಂಜಿನಿಯರಿಂಗ್ ಪದವಿಯ ಮೇಲಿನ ಗೌರವ ಎಳ್ಳಷ್ಟೂ ಇರಲಿಲ್ಲ.

ಹಾಗಾಗಿ ನನ್ನ ಪ್ರೋಗ್ರಾಮಿನ ಕೆಲಸ, ಕೊನೆಗೆ ಕೂತ ಅರ್ಕಾವತ್ತನ್ನು ಕೈಹಿಡಿದು ಹಿಂದಕ್ಕೆ ಕರೆತರುವುದು. ಎಷ್ಟು ಹಿಂದಕ್ಕೆ? ಒಂದು ಹೆಜ್ಜೆ ಎಂದು ಬರೆದಿದ್ದೆ. ಧರ್ಮ, ಕರ್ಮ, ವರ್ಷ ಎಲ್ಲ ಸುಸೂತ್ರ ದಾಟಿದವು. ‘ಈರ್ಷ್ಯೆ’ ಬಂದಲ್ಲಿ ಎಲ್ಲ ಎಡವಟ್ಟಾಯಿತು. ಅಲ್ಲಿ ಷ ಇದೆ, ಅದಕ್ಕೆ ಯ ಒತ್ತಿದೆ, ಮೇಲೆ ಎತ್ವ ಇದೆ, ಇಷ್ಟನ್ನೂ ದಾಟಿ ಹಿಂದೆ ಹೋಗಬೇಕು. ಈರ್ಷ್ಯೆ ಮನುಷ್ಯರನ್ನು ಕೆಡಿಸುತ್ತದೆ ಅಂತ ಗೊತ್ತಿತ್ತು, ಪ್ರೋಗ್ರಾಮನ್ನೂ ಕೆಡಿಸುತ್ತದೆ ಅಂತ ಆ ದಿನ ಗೊತ್ತಾಯಿತು.

ಈ ‘ರ’ಕಾರ ಮೊದಲಿಂದಲೂ ಬಲಗಡೆಯ ಬೆಂಚಿನ ಹುಡುಗನೇನಲ್ಲ. ಹಳೆಯ ಶಾಸನಗಳ ಲಿಪಿಯಲ್ಲಿ ಮುಂದಿನ ಅಕ್ಷರದ ನೆತ್ತಿಯ ಮೇಲೆ ಕೂರುತ್ತಿತ್ತು. ನಾಗರಿಯಲ್ಲಿ ಇವತ್ತಿಗೂ ಅಲ್ಲೇ ಇದೆ. ನಮ್ಮಲ್ಲಿ ಜಾರಿ ಬಲಕ್ಕೆ ಬಂತು. ತೆಲುಗಿನವರು ತಮ್ಮ ಅರ್ಕಾವತ್ತಿಗೆ ‘ವಲಪಲಗಿಲಕ’ ಅಂತ ಚೆಂದದ ಹೆಸರಿಟ್ಟಿದ್ದರು. ಹೆಸರು ಚೆಂದವಿದ್ದರೇನು, ಬಳಕೆಯಿಂದ ಬಿಟ್ಟೇಬಿಟ್ಟರು. ಈಗ ರ ಬರೆದು ಕೆಳಗೆ ಒತ್ತು ಕೊಡುತ್ತಾರೆ. ನನ್ನ ಮಗಳು ತೆನಾಲಿಯಲ್ಲಿ ಹುಟ್ಟಿದ್ದರೆ ಈ ಪ್ರಶ್ನೆಯೇ ಇರುತ್ತಿರಲಿಲ್ಲ. ಇನ್ನು ಶಾಸನ ಕೆತ್ತಿಸುತ್ತಿದ್ದವರಿಗೆ ಈ ‘ರ’ಕಾರದ ಮೇಲೆ ಎಷ್ಟು ಮಮತೆಯೆಂದರೆ, ಅದರ ಸಂಗಡದ ವ್ಯಂಜನವನ್ನು ಇಮ್ಮಡಿ ಮಾಡುತ್ತಿದ್ದರು: ಧರ್ಮ್ಮ, ಸರ್ವ್ವ. ಕಲ್ಲಿನ ಮೇಲೆ ಜಾಗ ಧಾರಾಳವಿತ್ತೋ ಏನೋ. ನಮಗೋ, ಕನ್ನಡದಲ್ಲಿ ಎಸ್ಸೆಮ್ಮೆಸ್ ಕಳಿಸಿದರೆ ಒಂದಕ್ಕೆ ಎಪ್ಪತ್ತೇ ಅಕ್ಷರ, ಅದೂ ಕಂಪ್ಯೂಟರಿನ ಎಣಿಕೆಯಲ್ಲಿ.

ಯೂನಿಕೋಡಿನ ಪಟ್ಟಿ ನೋಡುತ್ತಾ ಕೂತರೆ ಇಂಥ ಕಥೆಗಳು ಬೇಕಾದಷ್ಟು ಸಿಗುತ್ತವೆ. ಹಳಗನ್ನಡದ ‘ೞ’ಕ್ಕೆ ಅಲ್ಲಿ ಇಂಗ್ಲಿಷಿನಲ್ಲಿ ಕೊಟ್ಟಿರುವ ಹೆಸರು ‘ಕನ್ನಡ ಅಕ್ಷರ ಫ’. ಯಾರದೋ ಕಣ್ತಪ್ಪು. ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಅಲ್ಲಿನ ಕಟ್ಟಳೆ, ಹಾಗಾಗಿ ಪಕ್ಕದಲ್ಲಿ ಸರಿಯಾದ ಅಡ್ಡಹೆಸರು ಬರೆದು ಸುಮ್ಮನಾಗಿದ್ದಾರೆ. ಮಗಳಿಗೆ ಹೆಸರಿಡುವಾಗ ಎರಡು ತಿಂಗಳು ಚರ್ಚೆ ಮಾಡಿದವನು ನಾನು. “ಅರ್ಕಾವತ್ತಿರೋ ಹೆಸರು ಬೇಡ ಕಣ್ರೀ, ಎಲ್ಲರೂ ತಪ್ಪು ಬರೀತಾರೆ” ಎಂದು ಹೆಂಡತಿ ಹೇಳಿಯೂ ಇದ್ದಳು. ನಾನು ಕೇಳಲಿಲ್ಲ. ತಪ್ಪು ಬರೆಯುವವರಲ್ಲಿ ಮೊದಲಿಗರು ನಮ್ಮಪ್ಪನೇ ಆಗುತ್ತಾರೆಂದು ಆಗ ಯಾರಿಗೆ ಗೊತ್ತಿತ್ತು?

ಅಪ್ಪ ತಾಲ್ಲೂಕು ಕಚೇರಿಯಲ್ಲಿ ಟೈಪಿಸ್ಟಾಗಿದ್ದವರು. ಕನ್ನಡ ಸೀನಿಯರ್ ಪಾಸು ಮಾಡಿಕೊಂಡು ಅವರು ಕೆಲಸಕ್ಕೆ ಸೇರಿದ ಮಾರನೇ ವರ್ಷ, 1973ರ ನವೆಂಬರ್ 1ಕ್ಕೆ, ಮೈಸೂರು ರಾಜ್ಯ ಕರ್ನಾಟಕವಾಯಿತು. “ಮೈಸೂರಲ್ಲಿ ಅರ್ಕಾವತ್ತಿನ ರಗಳೆ ಇರಲಿಲ್ಲ ನೋಡು. ಆಮೇಲೆ ಪ್ರತಿ ಕಾಗದದ ತಲೆಯ ಮೇಲೂ ಒಂದು” ಎಂದು ಈಗಲೂ ಹೇಳುತ್ತಾರೆ. ಟೈಪ್‌ರೈಟರಿನಲ್ಲಿ ಅಕ್ಷರವನ್ನು ಬಿಡಿ ಬಿಡಿಯಾಗಿ ಕಟ್ಟಬೇಕು. ಗಾಡಿ ಒಂದೇ ದಿಕ್ಕಿಗೆ ಸರಿಯುತ್ತದೆ. ಆದ್ದರಿಂದ ಕಣ್ಣಿಗೆ ಕೊನೆಯಲ್ಲಿ ಕಾಣುವುದು ಬೆರಳಿಗೂ ಕೊನೆಯೇ. ನಾ, ಆಮೇಲೆ ಅರ್ಕಾವತ್ತು. ಮೂವತ್ತೈದು ವರ್ಷ ಹಾಗೆ ಕುಟ್ಟಿದ ಬೆರಳುಗಳು ಅವು.

ಕೆ.ಪಿ. ರಾವ್ ಅವರು ಕಂಪ್ಯೂಟರಿಗೆ ಕನ್ನಡದ ಕೀಲಿಮಣೆ ಹೊಂದಿಸಿದಾಗ ಈ ಹಾದಿ ಬಿಟ್ಟು ಉಚ್ಚಾರದ ಹಾದಿ ಹಿಡಿದರು. ‘ಆರ್’ ಒತ್ತಿ, ಜೋಡಿಸುವುದಕ್ಕೆ ‘ಎಫ್’ ಒತ್ತಿ, ‘ವೈ’ ಒತ್ತಿದರೆ ‘ರ್ಯ’. ನುಡಿಯವರು ಬಳಸಿಕೊಂಡದ್ದೂ ಅದನ್ನೇ, ನನ್ನ ಬೆರಳು ಕಲಿತದ್ದೂ ಅದನ್ನೇ. ನನ್ನ ಮಟ್ಟಿಗೆ ಅದಕ್ಕಿಂತ ಮಿತವ್ಯಯದ ಕನ್ನಡ ಕೆಲಸ ಇನ್ನೊಂದಿಲ್ಲ. ಇಪ್ಪತ್ತಾರು ಕೀಲಿಗಳಲ್ಲಿ ಇಡೀ ವರ್ಣಮಾಲೆ ಕೂತಿದೆ. ‘ರ‍್ಯಾಂಕ್’ ಬರೆಯುವಾಗ ಮಾತ್ರ ಈ ಜಾಣ ಕ್ರಮ ಕೈಕೊಡುತ್ತದೆ. ಅಲ್ಲಿ ಅರ್ಕಾವತ್ತು ಬರಬಾರದು ಎಂದು ಯಂತ್ರಕ್ಕೆ ತಿಳಿಸಲು ನಡುವೆ ಅಗಲವೇ ಇಲ್ಲದ, ಕಣ್ಣಿಗೆ ಕಾಣದ ಒಂದು ಅಕ್ಷರ ತುರುಕಬೇಕು.

ಅಪ್ಪನಿಗೆ ಮೊಬೈಲು ಕೊಡಿಸಿದಾಗ ಇದನ್ನೆಲ್ಲ ವಿವರಿಸಿದೆ. ತಲೆಯಾಡಿಸಿದರು. ಮೊನ್ನೆ ಮೊಮ್ಮಗಳ ಹುಟ್ಟುಹಬ್ಬಕ್ಕೆ ಬೆಳಿಗ್ಗೆ ಐದಕ್ಕೇ ವಾಟ್ಸಾಪ್ ಬಂತು: ‘ಆಶೀವಾ೯ದಗಳು’. ಅವಳ ಹೆಸರಿನಲ್ಲೂ ಅದೇ. ಅರ್ಕಾವತ್ತನ್ನು ಕೊನೆಗೆ ಹುಡುಕಿದ್ದಾರೆ, ಅಂಥ ಕೀಲಿ ಸಿಕ್ಕಿಲ್ಲ, ಅಂಕಿಗಳ ಪುಟಕ್ಕೆ ಹೋಗಿ ಒಂಬತ್ತನ್ನು ಕರೆತಂದು ಕೂರಿಸಿದ್ದಾರೆ. ನೋಡಲು ಇಬ್ಬರೂ ಅಣ್ಣತಮ್ಮಂದಿರೇ.

ಮಗಳು ತಡವರಿಸದೆ ಓದಿದಳು. “ತಾತ ತಪ್ಪು ಬರೆದಿದ್ದಾರಾ?” ಅಂದೆ, ಪರೀಕ್ಷೆ ಮಾಡೋಣ ಅಂತ. “ಇಲ್ವಲ್ಲ” ಅಂದಳು.

ಕಣ್ಣಿಗೆ ತಪ್ಪಿಲ್ಲ ನಿಜ. ಆದರೆ ಕಂಪ್ಯೂಟರಿನಲ್ಲಿ ‘ಸೂರ್ಯ’ ಎಂದು ಹುಡುಕಿದರೆ ಒಂಬತ್ತಂಕಿಯ ‘ಸೂಯ೯’ ಈ ಜನ್ಮದಲ್ಲಿ ಸಿಗುವುದಿಲ್ಲ. ಮತ್ತೆ ನೋಡಿದರೆ ನನ್ನ ಪತ್ರಿಕೆಯ ಕಡತಗಳಲ್ಲೂ ಯಾರೋ ಮೊಬೈಲಿನಲ್ಲಿ ಕುಟ್ಟಿದ ಲೇಖನಗಳಿದ್ದವು, ಅಲ್ಲೆಲ್ಲ ಇಂಥವೇ ಒಂಬತ್ತುಗಳು. ಅಪ್ಪನಂಥವರು ಒಬ್ಬರೇ ಅಲ್ಲ ಅಂತ ಸಮಾಧಾನವಾಯಿತು. ಅವರಿಗೆಂದೇ ಪ್ರೋಗ್ರಾಮಿನಲ್ಲಿ ಒಂದು ಹೊಸ ಸಾಲು ಸೇರಿಸಿದೆ: ಅಕ್ಷರಕ್ಕೆ ಅಂಟಿಕೊಂಡು ೯ ಬಂದರೆ ಅದು ಅಂಕಿಯಲ್ಲ, ಅರ್ಕಾವತ್ತು ಎಂದು ತಿಳಿಯತಕ್ಕದ್ದು. ಆಶೀರ್ವಾದ ಆಶೀರ್ವಾದವೇ ಆಯಿತು. ನೆಮ್ಮದಿಯಿಂದ ಮಲಗಿದೆ.

ಬೆಳಿಗ್ಗೆ ಫಲಿತಾಂಶ ನೋಡುತ್ತಿದ್ದಾಗ ಮಗಳು ಹೆಗಲ ಮೇಲಿಂದ ಇಣುಕಿ, ಪರಿವಿಡಿಯ ಸಾಲೊಂದರ ಮೇಲೆ ಬೆರಳಿಟ್ಟಳು. “ಅಪ್ಪಾ, ಪುರ್ಟ ಅಂದ್ರೇನು?”

ಹಳೆಯ ಕಡತ ತೆಗೆದು ನೋಡಿದೆ. ಸಂಪಾದಕರು ಜಾಗ ಬಿಡದೆ ‘ಪುಟ೯’ ಎಂದು ಬರೆದಿದ್ದರು.

ಆ ಸಾಲನ್ನು ತಿದ್ದಿ ಎರಡು ವಾರವಾಯಿತು. ರಾತ್ರಿ ಕಥೆ ಓದಿ ಪುಸ್ತಕ ಮುಚ್ಚಲು ಹೋದರೆ ಹೊದಿಕೆಯೊಳಗಿಂದ ಕೈಯೊಂದು ಬಂದು ತಡೆಯುತ್ತದೆ. “ಅಪ್ಪಾ, ಇನ್ನೊಂದೇ ಒಂದು ಪುರ್ಟ.”