ಅಕ್ಕನ ಊರಿನ ಮಂಗಗಳು

ಮನೆ ಅಂದಮೇಲೆ ಇಲಿ, ಜಿರಲೆ, ಇರುವೆಗಳ ಕಾಟ ಇದ್ದದ್ದೇ. ಸಕ್ಕರೆ ಡಬ್ಬಿಯಲ್ಲಿ ನಾಲ್ಕು ಲವಂಗ ಹಾಕಿಡುವುದು, ಇಲಿಬೋನಿಗೆ ಕೊಬ್ಬರಿ ಚೂರನ್ನು ಸುಟ್ಟು ಸಿಕ್ಕಿಸುವುದು, ರಾತ್ರಿ ಮಲಗುವ ಮುಂಚೆ ಬಚ್ಚಲ ತೂತಿಗೆ ಬಟ್ಟಲು ಬೋರಲು ಹಾಕುವುದು, ಇದನ್ನೆಲ್ಲ ನಮ್ಮ ಹರಿಹರದ ಮನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಮಾಡಿಕೊಂಡು ಬಂದಿದ್ದೇನೆ. ನನಗೆ ಗೊತ್ತಿಲ್ಲದ ಕಾಟವೇ ಇಲ್ಲ ಅಂದುಕೊಂಡಿದ್ದೆ. ಈ ಸಲ ಶಿವರಾತ್ರಿ ಕಳೆದಮೇಲೆ ಅಕ್ಕನ ಊರಿಗೆ ಹೋಗಿ ಎಂಟು ದಿನ ಇದ್ದು ಬಂದೆ. ಆ ಜಂಬ ಅಲ್ಲೇ ಇಳಿಯಿತು ನೋಡಿ!

ಹೋದದ್ದು ಅಪ್ಪೆಮಿಡಿಯ ಆಸೆಗೆ. ಸಾಗರದ ಕಡೆಯ ಅಪ್ಪೆಮಿಡಿ ಉಪ್ಪಿನಕಾಯಿಯ ರುಚಿ ಕಂಡವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಕಾಣದವರಿಗೆ ಎಷ್ಟು ಹೇಳಿದರೂ ತಿಳಿಯುವುದಿಲ್ಲ. ಅಕ್ಕನ ತೋಟದ ಕೆಳಗೆ ಹಳ್ಳದ ದಂಡೆಯಲ್ಲಿ ಒಂದು ಮರವಿದೆ. ಅದರ ಮಿಡಿ ಮುರಿದರೆ ಜೀರಿಗೆಯ ವಾಸನೆ ಬರುತ್ತದೆ. ವರ್ಷಾವರ್ಷ ಒಂದು ಭರಣಿ ನನ್ನ ಪಾಲಿಗೆ ಬರುತ್ತಿತ್ತು. ಹೋದ ವರ್ಷ ಮಾತ್ರ ಬರಲಿಲ್ಲ. "ಮೈಗೆ ಹುಷಾರಿರಲಿಲ್ಲ ಕಣೇ, ಜ್ವರ ಬಂದಿತ್ತು" ಅಂತ ಫೋನಿನಲ್ಲಿ ಅಂದಿದ್ದಳು. ಜ್ವರ ಯಾರಿಗೆ ಬರುವುದಿಲ್ಲ ಹೇಳಿ, ನಾನು ಅಷ್ಟಕ್ಕೇ ಬಿಟ್ಟಿದ್ದೆ.

ಹರಿಹರದಿಂದ ಹೊನ್ನಾಳಿ ಮೇಲೆ ಶಿವಮೊಗ್ಗ, ಅಲ್ಲಿಂದ ಇನ್ನೊಂದು ಬಸ್ಸು. ಆಯನೂರು ದಾಟಿದಮೇಲೆ ಗಾಳಿಯೇ ಬೇರೆ. ಆನಂದಪುರ, ಸಾಗರ ಕಳೆದು ಜೋಗದ ದಾರಿಯಲ್ಲಿ ತಾಳಗುಪ್ಪದ ಹತ್ತಿರ ಇಳಿದೆ. ಅಕ್ಕನ ಮಗ ಮೋಟಾರ್ ಸೈಕಲ್ ತಂದಿದ್ದ. ಎರಡೂವರೆ ಮೈಲಿ ಮಣ್ಣುದಾರಿ. ಒಂದು ಕಡೆ ಗದ್ದೆ, ಇನ್ನೊಂದು ಕಡೆ ಸೊಪ್ಪಿನ ಬೆಟ್ಟ. ಮಲೆನಾಡಿನಲ್ಲಿ ಬೆಟ್ಟ ಅಂದರೆ ನಮ್ಮ ಬಯಲುಸೀಮೆಯ ಕಲ್ಲುಗುಡ್ಡ ಅಲ್ಲ. ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಗು, ಒಲೆಗೆ ಸೌದೆ ಕೊಡುವ ಕಾಡಿನ ತುಂಡು. ಚಳಿಗಾಲ ಕಳೆದು ಎಲೆ ಉದುರಿದಮೇಲೆ ಹೆಂಗಸರು ಬುಟ್ಟಿ ಹೊತ್ತು ಹೋಗಿ ಒಣಗಿದ ಎಲೆಯನ್ನು ಗುಡಿಸಿ ತರುತ್ತಾರೆ. ಅದೇ ದರಗು.

ಅಕ್ಕ ಬಾಗಿಲಿಗೇ ಬಂದು ನಿಂತಿದ್ದಳು. ನನಗೆ ಎದೆ ಧಸಕ್ಕೆಂದಿತು. ಮಾರುದ್ದ ಜಡೆಯ ನಮ್ಮಕ್ಕನ ತಲೆಯಲ್ಲಿ ಬೆರಳಷ್ಟು ದಪ್ಪ ಕೂದಲು ಉಳಿದಿರಲಿಲ್ಲ. ಸಾರಿಗೆ ಒಗ್ಗರಣೆ ಕೊಡುವಾಗ ಎರಡು ಸಲ ಮಣೆಯ ಮೇಲೆ ಕೂತು ಸುಧಾರಿಸಿಕೊಂಡಳು. "ವಯಸ್ಸಾಯ್ತಲ್ಲ ಮಾರಾಯ್ತಿ" ಅಂದಳು. ನನಗಿಂತ ಆರು ವರ್ಷಕ್ಕೆ ದೊಡ್ಡವಳು, ಅಷ್ಟೇ.

ಮಾರನೆಯ ದಿನ ಬೆಳಿಗ್ಗೆ ನಾನೇ ಮುಂದಾಗಿ ಅಕ್ಕಿ ಸಂಡಿಗೆಯ ಹಿಟ್ಟು ಕಾಯಿಸಿ ಅಂಗಳದಲ್ಲಿ ಚಾಪೆಯ ಮೇಲೆ ಇಟ್ಟೆ. ಅಕ್ಕ, "ಕಾಯಕ್ಕೆ ಒಬ್ಬರು ಕೂರಬೇಕು" ಅಂದಳು. "ಕಾಗೆ ತಾನೆ, ಒಂದು ಕರಿಕೊಡೆ ಬಿಚ್ಚಿಟ್ಟರಾಯ್ತು" ಅಂತ ಕೊಡೆ ಬಿಚ್ಚಿಟ್ಟು ಕಾಫಿಗೆ ಒಳಗೆ ಹೋದೆ. ಅರ್ಧ ಲೋಟ ಕುಡಿದಿರಬೇಕು, ಮಾಡಿನ ಮೇಲೆ ಧಡಧಡ ಸದ್ದು. "ಬಂದ್ವು!" ಅಂತ ಅಕ್ಕನ ಅತ್ತೆಯವರು ಕೂಗಿದರು. ಎಂಬತ್ತು ದಾಟಿದ ಮುದುಕಿ ಕೋಲು ಹಿಡಿದು ನನಗಿಂತ ಮುಂಚೆ ಅಂಗಳದಲ್ಲಿದ್ದರು! ನಾನು ಹೋಗಿ ನೋಡುವಾಗ ಹದಿನೈದಿಪ್ಪತ್ತು ಮಂಗ. ಹಸಿ ಹಿಟ್ಟನ್ನೇ ಬಳಿದು ಬಳಿದು ತಿನ್ನುತ್ತಿವೆ. ದೊಡ್ಡ ಗಡವವೊಂದು ನನ್ನ ಕೊಡೆಯನ್ನು ಎತ್ತಿಕೊಂಡು ಹೋಗಿ ಕೊಟ್ಟಿಗೆಯ ಮಾಡಿನ ಮೇಲೆ ಕೂತಿತ್ತು. ಕೊಡೆ ಮದುವೆಗೆ ಬಂದ ಉಡುಗೊರೆ, ಆ ಮಾತು ಬಿಡಿ.

ಅಲ್ಲಿ ಎರಡು ಜಾತಿ. ತಲೆಯ ಮೇಲೆ ಬೈತಲೆ ತೆಗೆದಂತೆ ಕೂದಲಿರುವ ಕೆಂಪು ಮೋರೆಯದು ಮಂಗ. ಕರಿಮೋರೆ, ಉದ್ದ ಬಾಲದ್ದು ಮುಸ್ಯ. ಮುಸ್ಯ ಸ್ವಲ್ಪ ನಾಚಿಕೆಯ ಪ್ರಾಣಿ, ಹೆಚ್ಚಾಗಿ ಮರದ ಮೇಲೇ ಇದ್ದು ಚಿಗುರು, ಕಾಯಿ ತಿನ್ನುತ್ತದೆ. ಮಂಗನಿಗೆ ಯಾವ ನಾಚಿಕೆಯೂ ಇಲ್ಲ. ಬಾಳೆಗೊನೆ, ಎಳನೀರು, ಎಳೆ ಅಡಿಕೆ ಅದಕ್ಕೆ ಎಲ್ಲವೂ ಆಗಬೇಕು. ಏಲಕ್ಕಿಯ ಸುಳಿಯನ್ನು ಸೀಳಿ ತಿರುಳು ತಿನ್ನುತ್ತದೆ. ಹಂಚು ಸರಿಸಿ ಅಡಿಗೆಮನೆಗೆ ಇಳಿಯುತ್ತದೆ. ಅಪ್ಪೆಮಿಡಿಯನ್ನಂತೂ ಒಂದು ಕಚ್ಚಿ ಹತ್ತು ಉದುರಿಸುತ್ತದೆ. ಮಿಡಿ ನೆಲಕ್ಕೆ ಬಿದ್ದು ಪೆಟ್ಟಾಯಿತೋ, ತೊಟ್ಟು ಕಳಚಿ ಸೊನೆ ಹೋಯಿತೋ, ಉಪ್ಪಿನಲ್ಲಿ ಕೊಳೆಯುತ್ತದೆ. ಒಂದು ಕೊಳೆತರೆ ಇಡೀ ಭರಣಿ ಹೋದಂತೆ. ಅದಕ್ಕೇ ಕೊಯ್ಯುವವರು ಮರ ಹತ್ತಿ ಚೀಲಕ್ಕೆ ಕೊಯ್ದು ಹಗ್ಗದಲ್ಲಿ ಇಳಿಸುತ್ತಾರೆ. ಮಂಗನಿಗೆ ಇದನ್ನು ಯಾರು ಹೇಳಿಕೊಡಬೇಕು?

ಭಾವ ಮಾಡದ ಉಪಾಯವಿಲ್ಲ. ಕವಣೆ ಆಯಿತು, ಡಬ್ಬ ಬಡಿದದ್ದಾಯಿತು, ಪಟಾಕಿ ಆಯಿತು. ಪೇಟೆಯಿಂದ ಹುಲಿಯ ಬೊಂಬೆ ತಂದು ತೋಟದಲ್ಲಿ ಕೂರಿಸಿದರಂತೆ. ನಾಲ್ಕು ದಿನ ಮಂಗಗಳು ದೂರದಿಂದ ಕೆಮ್ಮಿ ಕೂಗಿ ಗಲಾಟೆ ಮಾಡಿದವು. ಐದನೆಯ ದಿನ ಮರಿಯೊಂದು ಹುಲಿಯ ಬೆನ್ನ ಮೇಲೆ ಕೂತು ಪೇರಲೆಹಣ್ಣು ತಿನ್ನುತ್ತಿತ್ತು! ತೀರ್ಥಹಳ್ಳಿ ತಾಲ್ಲೂಕಿನ ರೈತರೊಬ್ಬರು 2019ರಲ್ಲಿ ತಮ್ಮ ನಾಯಿಗೇ ಹುಲಿಯ ಪಟ್ಟೆ ಬಳಿದು ತೋಟಕ್ಕೆ ಬಿಟ್ಟದ್ದು ಪತ್ರಿಕೆಗಳಲ್ಲಿ ಬಂದಿತ್ತು, ನೀವೂ ಓದಿರಬಹುದು. ಅಕ್ಕನ ಮನೆಯ ನಾಯಿ ಬಣ್ಣ ಬಳಿಸಿಕೊಳ್ಳುವ ಜಾತಿಯದಲ್ಲ.

ಕೊನೆಗೆ ಅಕ್ಕ ಕಂಡುಕೊಂಡದ್ದು ಸಾದಾ ದಾರಿ. ಮಂಗಗಳಿರುವ ಊರಿನಲ್ಲಿ ನಿಮಗೂ ಬೇಕಾದೀತು. ಅಡಿಗೆಮನೆಯ ಕಿಟಕಿಗೂ ಬೆಳಕಿಂಡಿಗೂ ಗಟ್ಟಿ ತಂತಿಬಲೆ ಹೊಡೆಸಿದ್ದಾಳೆ. ತರಕಾರಿ ಸಿಪ್ಪೆ, ಮುಸುರೆ ಅಂಗಳಕ್ಕೆ ಎಸೆಯುವುದಿಲ್ಲ. ಹಪ್ಪಳ ಸಂಡಿಗೆಗೆ ಬಿದಿರಿನ ಚೌಕಟ್ಟಿಗೆ ಬಲೆ ಬಿಗಿದ ಮುಚ್ಚಳ ಮಾಡಿಸಿದ್ದಾಳೆ (ಅದನ್ನು ನನಗೆ ಸಂಡಿಗೆ ಹೋದಮೇಲೆ ತೋರಿಸಿದಳು!). ಎದುರಿಗೆ ಸಿಕ್ಕರೆ ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು, ಹಲ್ಲು ತೋರಿಸಬಾರದು, ಅದಕ್ಕೆ ಜಗಳಕ್ಕೆ ಕರೆದಂತೆ ಕಾಣುತ್ತದೆ. ಮರಿಯ ತಂಟೆಗಂತೂ ಹೋಗಲೇಬಾರದು. ಪಾಪ ಅಂತ ಒಂದು ದಿನ ಬಾಳೆಹಣ್ಣು ಕೊಟ್ಟಿರೋ, ನಾಳೆ ಕೈಯಿಂದ ಕಿತ್ತುಕೊಳ್ಳುತ್ತದೆ.

ಮೂರು ದಿನ ಹೀಗೇ ಹೋಯಿತು. ಬೆಳಿಗ್ಗೆ ಎಂಟಕ್ಕೆ ಒಂದು ದಾಳಿ, ಸಂಜೆ ನಾಲ್ಕಕ್ಕೆ ಒಂದು. "ಈ ಶನಿಗಳು ಯಾವಾಗ ತೊಲಗ್ತಾವೋ" ಅಂತ ಅಕ್ಕ ದಿನಕ್ಕೆ ಹತ್ತು ಸಲ ಬಯ್ಯುತ್ತಿದ್ದಳು.

ನಾಲ್ಕನೆಯ ಬೆಳಿಗ್ಗೆ ಎಂಟಾಯಿತು, ಒಂಬತ್ತಾಯಿತು, ಒಂದೂ ಬರಲಿಲ್ಲ. ಮಧ್ಯಾಹ್ನವೂ ಇಲ್ಲ, ಸಂಜೆಯೂ ಇಲ್ಲ. ಐದನೆಯ ದಿನವೂ ಹಾಗೇ. ನನಗೆ ಖುಷಿಯೋ ಖುಷಿ. "ಅಂತೂ ಪೀಡೆ ತೊಲಗಿತು ಅಕ್ಕಾ, ಇವತ್ತು ಸಂಡಿಗೆ ಇಡೋಣ" ಅಂದೆ. ಅಕ್ಕ ಮಾತಾಡಲಿಲ್ಲ. ಕೋಲು ಹಿಡಿದುಕೊಂಡು ಅಂಗಳದ ತುದಿಯಲ್ಲಿ ನಿಂತು ಬೆಟ್ಟದ ಕಡೆಯೇ ನೋಡುತ್ತಿದ್ದಳು. ಭಾವ ಊಟ ಅರ್ಧಕ್ಕೆ ಬಿಟ್ಟು ಎದ್ದು ಹೋಗಿ ನಾಲ್ಕಾರು ಮನೆಗೆ ಫೋನು ಮಾಡಿದರು. "ನಿಮ್ಮ ಕಡೆ ಬಂದಿದಾವಾ? ವಾಸನೆ ಏನಾದ್ರೂ ಬರ್ತಿದೆಯಾ?" ಅಂತ ಕೇಳುತ್ತಿದ್ದರು.

ಏನಿದು ಅಂತ ಕೇಳಿದ್ದಕ್ಕೆ ಅಕ್ಕ ಜಗಲಿಯ ಮೇಲೆ ಕೂತು ಹೇಳಿದಳು. ಹೋದ ವರ್ಷ ಮಾರ್ಚಿಯಲ್ಲಿ ಅವಳಿಗೆ ಬಂದದ್ದು ಬರಿಯ ಜ್ವರ ಅಲ್ಲ, ಮಂಗನ ಕಾಯಿಲೆ!

ದರಗು ತರಲು ಬೆಟ್ಟಕ್ಕೆ ಹೋಗಿದ್ದಳಂತೆ. ಆರನೆಯ ದಿನಕ್ಕೆ ಇದ್ದಕ್ಕಿದ್ದಂತೆ ಚಳಿ ಜ್ವರ, ಹಣೆ ಸೀಳುವಂಥ ತಲೆನೋವು, ಸೊಂಟ ಮೀನಖಂಡ ಮುಟ್ಟಗೊಡಲಾರದ ನೋವು, ಕಣ್ಣು ಕೆಂಡದಂತೆ ಕೆಂಪು. ಎರಡು ದಿನ ಕಷಾಯ ಕುಡಿದು ಮಲಗಿದಳು. ಮೂರನೆಯ ದಿನ ಒಸಡಿನಲ್ಲಿ ರಕ್ತ ಬಂತು. ಆಮೇಲೆ ಆಸ್ಪತ್ರೆಯಲ್ಲಿ ಹದಿನಾಲ್ಕು ದಿನ. ಬಿಟ್ಟ ಜ್ವರ ಮತ್ತೆ ಮರುಕಳಿಸಿತಂತೆ. ಕೂದಲು ಉದುರಿತು, ನಿಶ್ಶಕ್ತಿ ಇವತ್ತಿಗೂ ಹೋಗಿಲ್ಲ.

"ನನಗೆ ಯಾಕೆ ಹೇಳಲಿಲ್ಲ?" ಅಂತ ಅಳು ಬಂದುಬಿಟ್ಟಿತು. "ಹೇಳಿದ್ರೆ ನೀನು ಓಡಿ ಬರ್ತಿದ್ದೆ. ಮಗಳ ಪರೀಕ್ಷೆ ಇತ್ತಲ್ಲ ನಿಂದು" ಅಂದಳು. ಫೋನಿನಲ್ಲಿ ಉಪ್ಪಿನಕಾಯಿ ಬರಲಿಲ್ಲ ಅಂತ ನಾನು ಹುಸಿಮುನಿಸು ತೋರಿಸಿದ್ದು ನೆನಪಾಗಿ ತಲೆ ತಗ್ಗಿಸಿದೆ.

ಆ ಕಾಯಿಲೆಯ ಹುಟ್ಟೂರು ಪಕ್ಕದ ತಾಲ್ಲೂಕೇ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳೂ ಮನುಷ್ಯರೂ ಸಾಯತೊಡಗಿದಾಗ ಅದನ್ನು ಮೊದಲು ಗುರುತಿಸಿದರು. ಡಾಕ್ಟರುಗಳು ಅದಕ್ಕೆ ಇಟ್ಟ ಹೆಸರಿನಲ್ಲೂ ಕ್ಯಾಸನೂರಿದೆ. ಹೆಸರು ಮಂಗನದಾದರೂ ಕೊಡುವುದು ಮಂಗ ಅಲ್ಲ, ಉಣುಗು. ದನದ ಮೈಮೇಲೆ ಇರುತ್ತದಲ್ಲ, ಆ ಉಣ್ಣೆಯ ಜಾತಿ. ಕಾಡಿನಲ್ಲಿ ಇದರ ಮರಿ ಎಳ್ಳಿಗಿಂತ ಚಿಕ್ಕದು, ಒಣಗಿದ ಎಲೆಯ ಮೇಲೆ ಕಾಣುವುದೇ ಇಲ್ಲ. ಡಿಸೆಂಬರಿನಿಂದ ಮೇ ತನಕ ಇದರ ಕಾಲ, ಸರಿಯಾಗಿ ನಮ್ಮ ಹೆಂಗಸರು ದರಗಿಗೆ, ಸೌದೆಗೆ ಹೋಗುವ ಕಾಲ. ಅದು ಕಚ್ಚಿ ಮೂರರಿಂದ ಎಂಟು ದಿನದಲ್ಲಿ ಜ್ವರ ಏಳುತ್ತದೆ. ಮಂಗನಿಗೂ ಮುಸ್ಯನಿಗೂ ಅದೇ ಉಣುಗು ಕಚ್ಚಿ, ಅದೇ ಕಾಯಿಲೆ ಬಂದು ನಮಗಿಂತ ಬೇಗ ಸಾಯುತ್ತವೆ. ಸತ್ತ ಮಂಗನ ಮೈಯಿಂದ ಉದುರಿದ ಉಣುಗು ಆ ಜಾಗದಲ್ಲೆಲ್ಲ ತುಂಬಿಕೊಳ್ಳುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಹಾಗಾಗಿ ರೋಗಿಯನ್ನು ದೂರ ಕೂರಿಸಬೇಕಾಗಿಲ್ಲ. ಕಾಯಿಲೆ ಬಂದವರಲ್ಲಿ ನೂರಕ್ಕೆ 3ರಿಂದ 5 ಜನ ಉಳಿಯುವುದಿಲ್ಲ. ಇದೇ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ 2018ರ ಕೊನೆಯಿಂದ 2019ರ ಬೇಸಿಗೆಯ ತನಕ ಹಲವು ಮನೆಗಳು ಜನ ಕಳೆದುಕೊಂಡವು. ಇದನ್ನೇ ಗುರಿಯಿಟ್ಟು ಕೊಲ್ಲುವ ಔಷಧಿ ಇಲ್ಲ. ಬೇಗ ಆಸ್ಪತ್ರೆ ಸೇರಿದರೆ ನೀರು, ರಕ್ತ ಕಡಿಮೆಯಾಗದಂತೆ ನೋಡಿಕೊಂಡು ಉಳಿಸುತ್ತಾರೆ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನೂ ನಿಲ್ಲಿಸಿದ್ದಾರೆ.

"ಅವು ದಿನಾ ಬಂದು ಹಾಳು ಮಾಡ್ತಿದ್ರೆ ಬೆಟ್ಟ ನೆಟ್ಟಗಿದೆ ಅಂತ ಲೆಕ್ಕ ಕಣೇ" ಅಂದಳು ಅಕ್ಕ. "ಬರ್ಲಿಲ್ಲ ಅಂದ್ರೆ ನಂಗೆ ನಿದ್ದೆ ಬರಲ್ಲ."

ಆರನೆಯ ದಿನ ಮೇಲಿನ ಕೇರಿಯವರ ಬೆಟ್ಟದಲ್ಲಿ ಒಂದು ಮುಸ್ಯ ಸತ್ತು ಬಿದ್ದಿದೆ ಅಂತ ಸುದ್ದಿ ಬಂತು. ಯಾರೂ ಹತ್ತಿರ ಹೋಗಲಿಲ್ಲ. ನಾಯಿಯನ್ನು ಕಟ್ಟಿಹಾಕಿದರು. ಆಶಾ ಕಾರ್ಯಕರ್ತೆಗೆ ತಿಳಿಸಿದ್ದೇ ತಡ, ಮಧ್ಯಾಹ್ನದ ಹೊತ್ತಿಗೆ ಆರೋಗ್ಯ ಇಲಾಖೆಯವರೂ ದನದ ಡಾಕ್ಟರೂ ಬಂದರು. ಮೈಯೆಲ್ಲ ಮುಚ್ಚುವ ಉಡುಪು ಹಾಕಿಕೊಂಡು ಪರೀಕ್ಷೆಗೆ ಬೇಕಾದ್ದನ್ನು ತೆಗೆದುಕೊಂಡರು, ಅಲ್ಲೇ ಸುಟ್ಟರು, ಸುತ್ತಲೂ ಉಣುಗು ಸಾಯುವ ಪುಡಿ ಎರಚಿದರು. ಆ ಕಡೆ ದರಗಿಗೆ ಹೋಗಬೇಡಿ ಅಂದರು. ಮನೆಮನೆಗೂ ಡೆಪಾ ಎಣ್ಣೆಯ ಬಾಟಲಿ ಕೊಟ್ಟು, ತೋಟಕ್ಕೆ ಹೊರಡುವ ಮುಂಚೆ ಕೈಕಾಲಿಗೆ ಹಚ್ಚಿಕೊಳ್ಳಿ ಎಂದು ಹೇಳಿಹೋದರು.

ಅಕ್ಕನ ಮನೆಯಲ್ಲಿ ಆ ಹೊತ್ತಿನಿಂದ ಕಟ್ಟುನಿಟ್ಟು. ಹೊರಗಿನಿಂದ ಬಂದವರು ಜಗಲಿ ಹತ್ತುವ ಹಾಗಿಲ್ಲ, ಸೀದಾ ಬಚ್ಚಲಿಗೆ. ಹಂಡೆಯಲ್ಲಿ ಬಿಸಿನೀರು ಸದಾ ಕುದಿಯುತ್ತಿರಬೇಕು. ಸೋಪು ಹಚ್ಚಿ ಮೈ ಉಜ್ಜಿ, ಕಿವಿಯ ಹಿಂದೆ, ಕಂಕುಳು, ಮೊಣಕಾಲ ಹಿಂದೆ ನೋಡಿಕೊಳ್ಳಬೇಕು. ಬಟ್ಟೆ ಬಿಸಿನೀರಿನಲ್ಲಿ ನೆನೆಯಬೇಕು. ದರಗಿನ ರಾಶಿಯನ್ನು ಮನೆಯ ಹತ್ತಿರ ಹಾಕಬಾರದು. ಎಪ್ಪತ್ತು ವರ್ಷ ಬೆಟ್ಟ ತಿರುಗಿದ ಅತ್ತೆಯವರನ್ನೂ ಅಕ್ಕ ಬಿಡಲಿಲ್ಲ. ಅವರು, "ನಮ್ಮ ಕಾಲ್ದಲ್ಲಿ ಇದೆಲ್ಲ ಯಾರು ನೋಡ್ತಿದ್ರು" ಅಂತ ಗೊಣಗುತ್ತಲೇ ಕಾಲು ಚಾಚಿ ಎಣ್ಣೆ ಹಚ್ಚಿಸಿಕೊಂಡರು.

ನಾನು ಹೊರಡುವ ದಿನವೂ ಪರೀಕ್ಷೆಯ ಫಲಿತಾಂಶ ಬಂದಿರಲಿಲ್ಲ, ಮಂಗಗಳೂ ಬಂದಿರಲಿಲ್ಲ. ಹಳ್ಳದ ಮರದಿಂದ ಮಿಡಿ ಕೊಯ್ಯಲು ಭಾವ ಯಾರನ್ನೂ ಕಳಿಸಲಿಲ್ಲ. ನಾನೂ ಕೇಳಲಿಲ್ಲ. ಬಸ್ಸಿನಲ್ಲಿ ಬರಿಗೈಯಲ್ಲಿ ಕೂತು ಬಂದೆ. ಊರಿಗೆ ಬಂದಮೇಲೂ ದಿನಾ ಎರಡು ಹೊತ್ತು ಫೋನು. "ಮೈ ಬೆಚ್ಚಗಿದೆಯಾ? ತಲೆನೋವಾ?" ಅಂತ ಕೇಳಿ ಕೇಳಿ ಅಕ್ಕನಿಗೇ ಬೇಜಾರಾಯಿತು.

ಒಂಬತ್ತನೆಯ ದಿನ ಬೆಳಿಗ್ಗೆ ಅವಳೇ ಮಾಡಿದಳು. ಆ ಮುಸ್ಯ ಸತ್ತದ್ದು ಮಂಗನ ಕಾಯಿಲೆಯಿಂದ ಅಲ್ಲವಂತೆ, ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲವಂತೆ. ಅಷ್ಟು ಹೇಳುವಷ್ಟರಲ್ಲಿ ಹಿಂದಿನಿಂದ ಧಡಧಡ ಸದ್ದು, ಅತ್ತೆಯವರ ಕೂಗು, ನಾಯಿಯ ಬೊಗಳಾಟ.

"ಬಂದ್ವು ಕಣೇ! ಬಂದ್ವು!" ಅಂತ ಅಕ್ಕ ಕಿರುಚಿದಳು. "ಅಯ್ಯೋ, ನಿನ್ನ ಮರದ ಮೇಲೇ ಹತ್ತಿದಾವೆ, ಮಿಡಿ ಎಲ್ಲ ಉದುರಿಸ್ತಿದಾವೆ, ಶನಿಗಳು!" ಫೋನು ಇಡದೆಯೇ ಕೋಲು ತೆಗೆದುಕೊಂಡು ಓಡಿದಳು. ನಾನು ಇಲ್ಲಿ ಅಡಿಗೆಮನೆಯಲ್ಲಿ ಫೋನು ಕಿವಿಗೆ ಹಿಡಿದು, ಹಾಲು ಉಕ್ಕಿದ್ದೂ ತಿಳಿಯದೆ, ಅವಳ ಬೈಗುಳ ಕೇಳುತ್ತ ನಿಂತಿದ್ದೆ.