ಲಂಟಾನದ ಹೂವು

ಮಕ್ಕಳಿಗೆ ಲಂಟಾನದ ಹೂವೆಂದರೆ ಬಲು ಪ್ರೀತಿ. ನಂದಿಬೆಟ್ಟದ ತಪ್ಪಲಲ್ಲಿಯೂ, ಚಿಂತಾಮಣಿಯ ಕಡೆಯ ಗುಡ್ಡಗಳಲ್ಲಿಯೂ, ಶಿಡ್ಲಘಟ್ಟ ಗೌರಿಬಿದನೂರುಗಳ ಬೇಲಿಸಾಲುಗಳಲ್ಲಿಯೂ ಅದಕ್ಕೆ ಬರವಿಲ್ಲ. ನಮ್ಮ ಮನೆಯ ಹುಡುಗರು ಗೊಂಚಲನ್ನು ಕಿತ್ತುತಂದು, ‘ಒಂದೇ ಹೂವಿಗೆ ಎರಡು ಬಣ್ಣವೇಕೆ? ಎಲೆ ಇಷ್ಟು ನಾರುವುದೇಕೆ?’ ಎಂದು ಕೇಳುವುದುಂಟು. ‘ಕಳೆ, ಮುಟ್ಟಬೇಡ’ ಎಂದು ಗದರಿಸಿ ಕಳುಹಿಸುವುದು ಹಿರಿಯರ ವಾಡಿಕೆ. ಆದರೆ ನಮ್ಮ ಗೋಮಾಳಗಳು ಹಾಳಾದ ಬಗೆಯೆಲ್ಲ ಈ ಪ್ರಶ್ನೆಗಳಲ್ಲಿಯೇ ಅಡಗಿರುವುದರಿಂದ ನಾವು ಉತ್ತರ ಹೇಳಿಯೇ ತೀರಬೇಕು.

ಗೊಂಚಲೆಂಬುದು ಒಂದು ಹೂವಲ್ಲ. ಹತ್ತಾರು ಪುಟ್ಟ ಹೂಗಳ ಕೂಟ. ನಡುವಿನವು ಆಗತಾನೆ ಅರಳಿದವು, ಹಳದಿ. ಅಂಚಿನವು ಹಳೆಯವು, ಜೇನು ತೀರಿದಂತೆ ಅವು ಕೆಂಪಾಗುವುವು. ಚಿಟ್ಟೆಗೆ ಈ ಗುರುತು ಚೆನ್ನಾಗಿ ಗೊತ್ತು. ಅದು ಹಳದಿಯ ಮೇಲೆಯೇ ಕೂಡುವುದು. ಅರ್ಧ ಗಳಿಗೆ ನಿಂತು ನೋಡಿದರೆ ಮಕ್ಕಳೇ ಇದನ್ನು ಕಂಡುಕೊಳ್ಳುವರು.

ಇನ್ನು ನಾತದ ಮಾತು. ಅದು ಗಿಡಕ್ಕೆ ಕಾವಲು. ಊರಿನ ದನ ಮೂಸಿ ನೋಡಿ ಮುಖ ತಿರುಗಿಸುವುದು. ಪಕ್ಕದ ಹುಲ್ಲನ್ನು ಬುಡದವರೆಗೆ ಮೇಯುವುದು. ಹೀಗೆ ಹುಲ್ಲು ಸವೆದ ಜಾಗಕ್ಕೆ ಲಂಟಾನವೇ ಬರುವುದು. ಅದರ ಕಪ್ಪು ಹಣ್ಣನ್ನು ಪಿಕಳಾರ, ಗೊರವಂಕಗಳು ತಿಂದು ಬೀಜವನ್ನು ಊರೂರಿಗೆ ಹಂಚುವುವು. ಬಿತ್ತುವವರು ಹಕ್ಕಿಗಳು, ಕಳೆ ಕೀಳುವವು ನಮ್ಮ ದನಗಳೇ! ಇಂತಹ ಬೇಸಾಯ ನಮಗೂ ಒದಗಿದ್ದರೆ ಎಂದು ರೈತನು ಅಸೂಯೆಪಟ್ಟರೆ ಆಶ್ಚರ್ಯವಿಲ್ಲ.

ಇದು ಈ ದೇಶದ ಗಿಡವೂ ಅಲ್ಲ. ಇದರ ತವರು ಅಮೆರಿಕದ ಉಷ್ಣಸೀಮೆ. ಹೂವಿನ ಚೆಲುವಿಗೆ ಮರುಳಾಗಿ 1809ರ ಸುಮಾರಿಗೆ ಇದನ್ನು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಉದ್ಯಾನದ ಗೋಡೆ ಅದನ್ನು ತಡೆಯಲಿಲ್ಲ. 1921ರಲ್ಲಿ ಅದರ ಹಣ್ಣನ್ನು ಕೆಡಿಸಲೆಂದು ಹವಾಯಿ ದ್ವೀಪಗಳಿಂದ ಒಂದು ನೊಣವನ್ನು ಬೆಂಗಳೂರಿಗೆ ತರಿಸಿದರು. ನೊಣವೂ ನೆಲೆಸಿತು, ಗಿಡವೂ ಉಳಿಯಿತು.

ಆಪತ್ತು ಬರುವುದು ಬರದ ವರ್ಷದಲ್ಲಿ. ಹಸಿದ ದನವೂ, ಬೇರೆ ಸೀಮೆಯ ಸಂತೆಯಿಂದ ಕೊಂಡುತಂದ ಹೊಸ ಹಸುವೂ ಈ ಸೊಪ್ಪಿಗೆ ಬಾಯಿ ಹಾಕುವುವು. ಇದರ ವಿಷದಿಂದ ಯಕೃತ್ತು ಕೆಟ್ಟು ಕಾಮಾಲೆಯಾಗುವುದು. ಹಸಿರು ಮೇವಿನಿಂದ ಹುಟ್ಟಿ ಪಿತ್ತದೊಡನೆ ಹೊರಹೋಗಬೇಕಾದ ಒಂದು ಬಣ್ಣದ ವಸ್ತು ಆಗ ರಕ್ತದಲ್ಲಿಯೇ ನಿಲ್ಲುವುದು. ಬಿಸಿಲು ತಾಕಿದೊಡನೆ ಚರ್ಮ ಸುಟ್ಟಂತಾಗಿ ಮೂತಿ, ಕಿವಿ, ಕೆಚ್ಚಲುಗಳಲ್ಲಿ ಬಿರುಕು ಬಿಡುವುದು. ದನ ಮೇವು ಬಿಟ್ಟು ನೆರಳನ್ನೇ ಹುಡುಕುತ್ತಿದ್ದರೆ ದೃಷ್ಟಿಯಾಯಿತೆಂದು ನಿವಾಳಿಸುತ್ತ ಕೂಡದೆ ಕತ್ತಲೆಯ ಕೊಟ್ಟಿಗೆಯಲ್ಲಿ ಕಟ್ಟಿ ಪಶುವೈದ್ಯರನ್ನು ಅಂದೇ ಕರೆಯಬೇಕು. ತಿಂದ ಸೊಪ್ಪು ಹೊಟ್ಟೆಯಲ್ಲಿಯೇ ನಿಂತು ದಿನದಿನವೂ ವಿಷವನ್ನು ಬಿಡುತ್ತಿರುವುದರಿಂದ ತಡಮಾಡಿದಷ್ಟೂ ಕಷ್ಟ. ಹಾಲು ಮಾರಿ ಸಂಸಾರ ನಡೆಸುವ ಮನೆಯಲ್ಲಿ ಒಂದು ಹಸು ಹೋದರೆ ಏನಾಗುವುದೆಂದು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳೂ ಇದರ ಹಸಿರು ಕಾಯಿಯನ್ನು ಬಾಯಿಗೆ ಹಾಕಬಾರದು.

ಬರಿದೆ ಕಡಿದರೆ ಈ ಗಿಡ ಇಮ್ಮಡಿಯಾಗಿ ಚಿಗುರುವುದು. ಹಣ್ಣಾಗುವ ಮೊದಲೇ ಮಣ್ಣು ಬಿಡಿಸಿ, ತಾಯಿಬೇರನ್ನು ನೆಲದೊಳಗೆ ಮೂರು ನಾಲ್ಕು ಅಂಗುಲ ಕೆಳಗೆ ಕತ್ತರಿಸಿ, ಗಿಡವನ್ನು ಬುಡಮೇಲಾಗಿ ಒಣಗಹಾಕಬೇಕು. ಮಲೆಮಹದೇಶ್ವರ ಬೆಟ್ಟದ ಸೋಲಿಗರು ಇದರ ಕಡ್ಡಿಯನ್ನು ಬೇಯಿಸಿ ಸಿಪ್ಪೆ ತೆಗೆದು, ಬೆತ್ತಕ್ಕೆ ಬದಲಾಗಿ ಕುರ್ಚಿ ಬುಟ್ಟಿಗಳನ್ನು ಹೆಣೆಯುತ್ತಾರೆ. ಆ ಕೈಚಳಕ ನಮ್ಮಲ್ಲಿಲ್ಲ. ಆದರೆ ಹಕ್ಕಿಗಳು ಕೂಡುವ ಮರದ ಕೆಳಗೆ ಮಳೆಯಾದ ಮೇಲೆ ಏಳುವ ಎಳೆಯ ಸಸಿಗಳನ್ನು ಬೇರುಸಹಿತ ಕೀಳುವುದು ಮಕ್ಕಳಿಗೂ ಆಗುವ ಕೆಲಸ. ಹಸಿಮಣ್ಣಿನಲ್ಲಿ ಸಸಿ ಸುಲಭವಾಗಿ ಬರುವುದು. ನಾತ ಮಾತ್ರ ಕೈಯಲ್ಲಿ ಸಂಜೆಯವರೆಗೂ ನಿಲ್ಲುವುದು. ಊಟಕ್ಕೆ ಕೂಡುವ ಮುನ್ನ ಸೀಗೆಪುಡಿ ಹಚ್ಚಿ ತೊಳೆಯಿಸಬೇಕು.