ಹಿಂದೆ ಬರುವವರಿಗಾಗಿ

ಕೊಡೆಯನ್ನು ನಾವು ನಮ್ಮ ತಲೆಗಾಗಿ ಕೊಳ್ಳುತ್ತೇವೆ, ಗಮ್‌ಬೂಟನ್ನು ನಮ್ಮ ಕಾಲಿಗಾಗಿ. ಕಾರಿನ ಚಕ್ರದ ಹಿಂದೆ ತೂಗುವ ರಬ್ಬರಿನ ಮಡ್‌ಫ್ಲ್ಯಾಪು ಮಾತ್ರ ಹೆಚ್ಚಿನ ಮಟ್ಟಿಗೆ ಪರರಿಗಾಗಿಯೇ ಇರುವ ವಸ್ತು. ಅದಿಲ್ಲದಿದ್ದರೆ ಕಾರಿನೊಳಗೆ ಕುಳಿತವನಿಗೆ ಏನೂ ತಿಳಿಯದು. ತಿಳಿಯುವುದು ಬೆನ್ನ ಹಿಂದೆ ಬರುವವರಿಗೆ.

ಮಗಳು ಕಚೇರಿಗೆ ಸ್ಕೂಟರಿನಲ್ಲಿ ಹೋಗಿಬರತೊಡಗಿದ ಮೇಲೆ ನನಗೆ ಇದರ ಚಿಂತೆ ಹತ್ತಿತು. ಕಳೆದ ಮಳೆಗಾಲದ ಒಂದು ಸಂಜೆ, "ಅಪ್ಪಾ, ಮುಂದಿನ ಕಾರಿನ ಕೆಸರು ಹೆಲ್ಮೆಟ್ಟಿನ ಗಾಜಿಗೆ ಬಡಿದು ಒಂದು ಕ್ಷಣ ದಾರಿಯೇ ಕಾಣಲಿಲ್ಲ" ಎಂದಳು. ಬಟ್ಟೆಯ ಕೆಸರು ಸಾಬೂನಿಗೆ ಹೋದೀತು. ಮುಂಬಯಿಯ ರಸ್ತೆಯಲ್ಲಿ ಆ ಒಂದು ಕ್ಷಣದ ಬೆಲೆ ಏನೆಂದು ಹೇಳಬೇಕಾಗಿಲ್ಲ.

ನಮ್ಮ ಕಾರಿನ ಹಳೆಯ ಫ್ಲ್ಯಾಪುಗಳೂ ಬಿಸಿಲಿಗೆ ಬಿರಿದಿದ್ದುವು. ಕುರ್ಲಾದಲ್ಲಿ ಅದೇ ಕಾರಿಗೆಂದು ಅಚ್ಚಿನಲ್ಲಿ ಎರೆದವು ಸಿಗಲಿಲ್ಲ. ಯಾವ ಕಾರಿಗಾದರೂ ಕತ್ತರಿಸಿ ಹೊಂದಿಸಬಹುದಾದ ಚಪ್ಪಟೆ ರಬ್ಬರು ತಂದೆ.

ಮೊದಲು ಹಳೆಯ ಕ್ಯಾಲೆಂಡರಿನ ರಟ್ಟನ್ನು ಚಕ್ರದ ಹಿಂದೆ ಹಿಡಿದು ಆಕಾರ ತೆಗೆದುಕೊಂಡೆ. ದರ್ಜಿಯ ಬಟ್ಟೆಯಾದರೆ ಹೊಲಿಗೆ ಬಿಚ್ಚಿ ಅಗಲ ಮಾಡಬಹುದು. ಕತ್ತರಿಸಿದ ರಬ್ಬರು ಮತ್ತೆ ಬೆಳೆಯುವುದಿಲ್ಲ. ಉದ್ದ ಕಡಿಮೆಯಾದರೆ ಕೆಸರು ಕೆಳಗಿನಿಂದ ಹಾರುತ್ತದೆ. ಹೆಚ್ಚಾದರೆ ಉಬ್ಬುಗಳಲ್ಲಿ ನೆಲಕ್ಕೆ ಉಜ್ಜುತ್ತದೆ. ಕಾರನ್ನು ಹಿಂದಕ್ಕೆ ತೆಗೆಯುವಾಗ ಫುಟ್‌ಪಾತಿನ ಅಂಚಿಗೂ ಟೈರಿಗೂ ನಡುವೆ ಸಿಕ್ಕಿ ಕಿತ್ತುಬರುತ್ತದೆ. ಮನೆಮಂದಿ ಎಲ್ಲರೂ ಕುಳಿತಾಗ ಕಾರು ತಗ್ಗುವುದನ್ನೂ ಲೆಕ್ಕಹಾಕಿ, ನೆಲದಿಂದ 5 ಅಂಗುಲ ಬಿಟ್ಟೆ. ಚಾಕುವಿಗೆ ಸಾಬೂನಿನ ನೀರು ಸವರಿದರೆ ರಬ್ಬರು ಹಿಡಿಯದೆ ಸಲೀಸಾಗಿ ಕತ್ತರಿಸುತ್ತದೆ.

ಮುಂದಿನ ಚಕ್ರದ್ದು ಇನ್ನೂ ಸೂಕ್ಷ್ಮ. ಸ್ಟಿಯರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಟೈರು ಎಲ್ಲಿಯೂ ತಾಕದೆಂದು ನೋಡಿದ ಮೇಲೆಯೇ ಸ್ಕ್ರೂ ಬಿಗಿಯಬೇಕು. ಇದ್ದ ತೂತುಗಳನ್ನೇ ಬಳಸಿದೆ. ಹೊಸದಾಗಿ ಕೊರೆದ ಒಂದೆರಡರ ಅಂಚಿಗೆ ತುಕ್ಕು ಹಿಡಿಯದಂತೆ ಬಣ್ಣ ಹಚ್ಚಿದೆ. ಸ್ಕ್ರೂವಿನ ಕೆಳಗೆ ಅಗಲವಾದ ವಾಷರು ಇಟ್ಟರೆ ರಬ್ಬರು ಹರಿಯದು.

ಮೇಲಿನ ಮಹಡಿಯ ರಾಯರು ಚಹದ ಲೋಟ ಹಿಡಿದು ಇದನ್ನೆಲ್ಲ ನೋಡುತ್ತಿದ್ದರು. "ಇಷ್ಟು ಬೆವರು ಸುರಿಸಿ ನಿಮಗೇನು ಲಾಭ ಸ್ವಾಮೀ?" ಎಂದರು. ಟೈರು ಎಸೆಯುವ ಕಲ್ಲಿನ ಹರಳು ಬಾಗಿಲ ಕೆಳಗಿನ ಬಣ್ಣವನ್ನು ಕೆತ್ತಿ ತುಕ್ಕಿಗೆ ದಾರಿ ಮಾಡುವುದೂ ತಪ್ಪುತ್ತದೆ ಎಂದೆ. ರಾಯರಿಗೆ ಸಮಾಧಾನವಾಯಿತು. ಪರೋಪಕಾರಕ್ಕೆ ಸ್ವಾರ್ಥದ ಒಂದೆರಡು ಸ್ಕ್ರೂ ಇದ್ದರೆ ಅದು ಗಟ್ಟಿಯಾಗಿ ನಿಲ್ಲುತ್ತದೆಯೋ ಏನೋ!

ಆದರೆ ರಬ್ಬರಿನ ಶಕ್ತಿಗೂ ಮಿತಿಯುಂಟು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರು ಸುರಿದಂಥ ಮಳೆಯ ಮಾತು ಬಿಡಿ. ಸಾಧಾರಣ ಮಳೆಯಲ್ಲಿಯೂ ಅದು ತಡೆಯುವುದು ಹಿಂದಕ್ಕೆ ಹಾರುವ ನೀರನ್ನು ಮಾತ್ರ. ಹೊಂಡಕ್ಕೆ ಚಕ್ರ ಬಿದ್ದಾಗ ಪಕ್ಕಕ್ಕೆ ಚಿಮ್ಮುವ ನೀರು, ಬಸ್ಸಿಗೆ ಕಾದು ನಿಂತ ಹಿರಿಯರ ಪಂಚೆಗೂ ಶಾಲೆಯ ಮಗುವಿನ ಬಿಳಿಯ ಅಂಗಿಗೂ ತಪ್ಪುವುದಿಲ್ಲ. ಅದಕ್ಕೆ ಮದ್ದು ಕುರ್ಲಾದ ಯಾವ ಅಂಗಡಿಯಲ್ಲಿಯೂ ದೊರೆಯದು. ಕಾರು ನಡೆಸುವವನ ಬಲಗಾಲಿನಲ್ಲಿದೆ. ನೀರು ನಿಂತಲ್ಲಿ ಆ ಕಾಲನ್ನು ಸ್ವಲ್ಪ ಹಗುರ ಮಾಡಿದರೆ ಸಾಕು. ಖರ್ಚಿಲ್ಲ, ಸ್ಕ್ರೂವೂ ಬೇಡ.